ಕಿಟಕಿಯ ಸರಳು ಸೊಟ್ಟ ಕಂಡರೆ

ಹೆಬ್ಬೆ ಜಲಪಾತದ ಆಸುಪಾಸಿನ ಕಾಫಿ ಸೀಮೆಯಲ್ಲಿ ನಿಮ್ಮ ಅಜ್ಜಿ ಇದ್ದಾರಾ? "ವಯಸ್ಸಾಯ್ತಲ್ಲ ಮಗಾ, ಕಣ್ಣು ಮಂಜು" ಅಂತಾರಾ? ಆದರೆ ಮಂಜೆಲ್ಲ ಕಣ್ಣಿನ ಪೊರೆಯಲ್ಲ, ಕಣ್ಣಿನ ಹಿಂಭಾಗದ ತೊಂದರೆಯೂ ಇರಬಹುದು.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ, ಅದರ ನಡುವೆ ಮ್ಯಾಕುಲಾ. ಓದುವುದು, ಮುಖ ಗುರುತಿಸುವುದು ಅದರಿಂದಲೇ. ವಯಸ್ಸಾದಂತೆ ಅದರಡಿ ಡ್ರೂಸೆನ್ ಎಂಬ ಹಳದಿ ಚುಕ್ಕೆಗಳು ಸೇರಿಕೊಳ್ಳಬಹುದು. ಮೊದಮೊದಲು ನೋವೂ ಇಲ್ಲ, ಸುಳಿವೂ ಇಲ್ಲ.

ಫಂಡಸ್ ಕ್ಯಾಮೆರಾ ಆ ಜಾಗದ ಫೋಟೊ ತೆಗೆಯುತ್ತದೆ. ವೈದ್ಯರು ಗುರುತಿಸಿಕೊಟ್ಟ ಸಾವಿರಾರು ಫೋಟೊಗಳಿಂದ ಕಲಿತ ಕಂಪ್ಯೂಟರ್, ಚುಕ್ಕೆಗಳ ಗಾತ್ರ, ಹರವು, ರಕ್ತ ಸೋರಿದ ಗುರುತು ನೋಡಿ, ಯಾರನ್ನು ಬೇಗ ತಜ್ಞರ ಬಳಿ ಕಳಿಸಬೇಕೆಂದು ತಿಳಿಸುತ್ತದೆ. ಕೊನೆಯ ತೀರ್ಮಾನ ವೈದ್ಯರದ್ದೇ, ಹಾಗೇ ಇರಬೇಕು.

ಬೆಂಗಳೂರಿನ ರೆಮಿಡಿಯೊ ಸಂಸ್ಥೆ ಸ್ಮಾರ್ಟ್‌ಫೋನಿಗೇ ಇಂಥ ಕ್ಯಾಮೆರಾ ಜೋಡಿಸಿದೆ. ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕಾದ ಹಾನಿ ಹುಡುಕುವ ಅದರ ತಂತ್ರಾಂಶ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ನೆಟ್‌ವರ್ಕ್ ಕೈಕೊಡುವ ಮಲೆನಾಡಿಗೆ ಇದೇ ದೊಡ್ಡ ಮಾತು.

ಇವತ್ತೇ ಒಂದು ಕೆಲಸ ಮಾಡಿ. ಅಜ್ಜಿಗೆ ಕನ್ನಡಕ ಹಾಕಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಕಿಟಕಿಯ ಸರಳು ತೋರಿಸಿ. ನೇರ ಸರಳು ಡೊಂಕಾಗಿ ಕಂಡರೆ, ನಡುವೆ ಕಪ್ಪಾದರೆ, ತಡಮಾಡದೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ.