ಸೀತಾಫಲದ ತೋಟದಲ್ಲಿ ಮೂರು ಹೆಜ್ಜೆ

ಕಳೆದ ಶರದೃತುವಿನ ಒಂದು ಭಾನುವಾರ ನಾವು ಸಕುಟುಂಬರಾಗಿ, ದಿವೇ ಘಾಟನ್ನೇರಿ, ಪುಣೆಯಿಂದ ಸುಮಾರು 30 ಕಿಲೋಮೀಟರು ದೂರದ ಸಾಸವಡದ ಬಳಿ ಸೀತಾಫಲದ ತೋಟವೊಂದಕ್ಕೆ ಹೋಗಿದ್ದೆವು. ಪುರಂದರ ತಾಲ್ಲೂಕು ಈ ಹಣ್ಣಿಗೆ ಹೆಸರಾದುದು. ಕಣ್ಣುಗಳ ನಡುವಣ ಗೆರೆ ಬೆಳ್ಳಗಾದ ಕಾಯನ್ನೇ ಕೀಳಬೇಕು. ಮರದಲ್ಲಿಯೇ ಮಾಗಲು ಬಿಟ್ಟರೆ ಬಿರಿದುಹೋಗುವುದು. ಐದು ವರ್ಷದ ಮಗಳು ಬೀಜ ನುಂಗದೆ ಉಗುಳುವ ವಿದ್ಯೆಯನ್ನು ಅಂದೇ ಕಲಿತಳು.

ಹನ್ನೊಂದು ತಿಂಗಳ ಮಗು ಮರದ ಬುಡವನ್ನು ಬಿಟ್ಟು ಮೂರು ಹೆಜ್ಜೆ ನಡೆಯಿತು. ನಾವು ಹರ್ಷದಿಂದ ಕೂಗಿದೆವು. ಮನೆಯವರು ನಕ್ಕು, “ನಡೆಯತೊಡಗಿ ಎಂಟು ದಿನವಾಯಿತು, ನೀವು ಬರುವಷ್ಟರಲ್ಲಿ ಮಲಗಿರುತ್ತದೆ” ಎಂದರು. ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಹಿರಿಯಳ ಮೊದಲ ಹಲ್ಲೂ ನಮಗೆ ಹೀಗೆಯೇ ತಪ್ಪಿತ್ತು. ಮಕ್ಕಳನ್ನು ಊರಿನಲ್ಲಿರಿಸಿ ಇಲ್ಲಿ ದುಡಿಯುವ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಸಂಜೆ ಬಸ್ಸು ಘಾಟಿಯಿಳಿಯುವಾಗ ಮಗು ನಮ್ಮ ತೊಡೆಯ ಮೇಲೆ ನಿದ್ರಿಸಿತ್ತು. ಅದರ ಅಂಗೈ ಇನ್ನೂ ಅಂಟಂಟಾಗಿತ್ತು.