‘ಫುಕ್ಕರ್ ಬಂದ’

ಎರಡೇ ಪದ! 1367ರ ತೆರಿಗೆ ಪುಸ್ತಕದಲ್ಲಿ ಕರಣಿಕನೊಬ್ಬ ಲ್ಯಾಟಿನ್‌ನಲ್ಲಿ ಬರೆದಿಟ್ಟ: ‘ಫುಕ್ಕರ್ ಬಂದ’. ಪಕ್ಕದಲ್ಲಿ ಅವನ ತೆರಿಗೆ, 44 ಫೆನ್ನಿಂಗ್. ಊರು ದಕ್ಷಿಣ ಜರ್ಮನಿಯ ಔಗ್ಸ್‌ಬರ್ಗ್. ಬಂದವನು ಗ್ರಾಬೆನ್ ಹಳ್ಳಿಯ ನೇಕಾರ ಹಾನ್ಸ್ ಫುಗ್ಗರ್. ನಮ್ಮಲ್ಲಿ ಆಗ ಬುಕ್ಕರಾಯನ ಆಳ್ವಿಕೆ.

ಆ ನೇಕಾರನ ಮೊಮ್ಮಗ ಯಾರು ಗೊತ್ತೇ? 1519ರಲ್ಲಿ ಐದನೆಯ ಚಾರ್ಲ್ಸ್‌ನನ್ನು ಚಕ್ರವರ್ತಿಯಾಗಿ ಆರಿಸಲು ಹಣದ ಹೊಳೆ ಹರಿಸಿದ ಯಾಕೋಬ್ ಫುಗ್ಗರ್! ಇನ್ನೂ ಕೇಳಿ. 1505ರಲ್ಲಿ ಅಲ್ಮೇಡನ ಪೋರ್ಚುಗೀಸ್ ನೌಕಾಪಡೆ ಕಾರವಾರದೆದುರಿನ ಅಂಜದೀವದಲ್ಲಿ ಕೋಟೆ ಕಟ್ಟಿ, ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿತಲ್ಲ, ಆ ಯಾನದ ಬಂಡವಾಳದಲ್ಲಿ ಫುಗ್ಗರರ ಪಾಲೂ ಇತ್ತು. ಆ 44 ಫೆನ್ನಿಂಗ್‌ನ ಜಾಡು ನಮ್ಮ ಶರಾವತಿಯ ಅಳಿವೆಗೇ ಬಂದು ಮುಟ್ಟುತ್ತದೆ! ಓದಿದಾಗ ನನಗೆ ಮೈ ಜುಮ್ಮೆಂದಿತು.

ಔಗ್ಸ್‌ಬರ್ಗ್‌ನ ಈ ತೆರಿಗೆ ಪುಸ್ತಕಗಳ ಸಾಲು 1346ರಿಂದ 1717ರವರೆಗೆ ಹಬ್ಬಿದೆ. ಆಸ್ತಿ ಇಷ್ಟೆಂದು ಮನೆಯೊಡೆಯರೇ ಪ್ರಮಾಣ ಮಾಡಿ ಹೇಳಬೇಕಿತ್ತು. ಹೆಸರುಗಳು ಬೀದಿಯ ಸಾಲಿನಲ್ಲೇ ಇರುವುದರಿಂದ, ಪುಟ ತಿರುವಿದರೆ ಕೇರಿಯಲ್ಲಿ ನಡೆದಂತೆಯೇ: ಇದು ವರ್ತಕನ ಮನೆ, ಆಚೆ ವಿಧವೆಯದು, ಅದರಾಚೆ ನೇಕಾರನದು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಸಿರಿವಂತರಲ್ಲ, ‘ಹಾಬ್‌ನಿಟ್’ ಎಂದು ಬರೆಸಿಕೊಂಡವರು. ಎಂದರೆ ಏನೂ ಇಲ್ಲದವರು. ಆಸ್ತಿಯೇ ಇಲ್ಲದವರಿಗೂ ಪುಸ್ತಕದಲ್ಲಿ ಜಾಗವಿತ್ತು! ಚರಿತ್ರೆಯ ಬೇರೆ ಯಾವ ಪುಟ ಅವರ ಹೆಸರು ಹಿಡಿದು ಕರೆದೀತು?

ಹದಿನೇಳನೆಯ ಶತಮಾನ ಈ ಊರನ್ನು ಹಿಂಡಿಹಾಕಿತು. ಮೂವತ್ತು ವರ್ಷಗಳ ಯುದ್ಧಕ್ಕೆ ಮುಂಚೆ ಸುಮಾರು 45,000 ಇದ್ದ ಜನ, ಪ್ಲೇಗು, ಮುತ್ತಿಗೆ, ಹಸಿವು ಕಳೆದು 1635ರಲ್ಲಿ ಎಣಿಸಿದಾಗ ಹದಿನಾರು ಸಾವಿರ ಚಿಲ್ಲರೆ. ಬಡವರಿಗಾಗಿ ಯಾಕೋಬ್ ಕಟ್ಟಿಸಿದ ಫುಗ್ಗರೈ ಕೇರಿಯಲ್ಲಿ 1681ರಿಂದ ಫ್ರಾನ್ಸ್ ಎಂಬ ಗಾರೆ ಕೆಲಸದವನೊಬ್ಬ ಬಾಳಿ, 1694ರಲ್ಲಿ ತೀರಿಕೊಂಡ. ಅವನ ಮರಿಮಗನನ್ನು ಲೋಕವೇ ಬಲ್ಲದು: ಸಂಗೀತಗಾರ ಮೊಟ್ಸಾರ್ಟ್! ಆ ಕೇರಿಯಲ್ಲಿ ಇಂದಿಗೂ ವರ್ಷದ ಮೂಲ ಬಾಡಿಗೆ ಒಂದು ಯೂರೋಗಿಂತ ಕಡಿಮೆ, 88 ಸೆಂಟ್.

ವಿಜಯನಗರದ ಶಾಸನಗಳಲ್ಲೂ ಮನೆದೆರೆ, ಮಗ್ಗದೆರೆ ಎಂಬ ಮಾತುಗಳು ಬರುತ್ತವೆ. ಓದುವಾಗ ದಾಟಿಬಿಡುತ್ತಿದ್ದೆ. ಈಗ ಆಗುತ್ತಿಲ್ಲ, ಪ್ರತಿ ಮಗ್ಗದ ಹಿಂದೆಯೂ ಒಬ್ಬ ಹಾನ್ಸ್ ಕೂತಿರುವಂತೆ ಕಾಣುತ್ತದೆ.

ನಿಮ್ಮ ಅಟ್ಟದಲ್ಲೂ ಅಜ್ಜನ ಕಾಲದ ಕಂದಾಯದ ರಸೀದಿಗಳ ಗಂಟು ಇದ್ದೀತು. ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.