ದೀಪ ಯಾವ ಬಣ್ಣ ಅಂತ ಕೇಳಿದವರೇ ರಿಪೇರಿ ಬಲ್ಲವರು

ಕೃಷಿ ಪತ್ರಿಕೆಯಲ್ಲಿ ಇಂಟರ್‌ನೆಟ್ ರಿಪೇರಿಯ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಮಾತ್ರ ಇದು ತೋಟದ ಪ್ರಶ್ನೆಯೇ. ಮಗ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಾನೆ. ಬೆಳಿಗ್ಗೆ ಕೂರುವ ಮುಂಚೆ ಅಡಿಕೆಗೆ ನೀರು ತಿರುಗಿಸಿ ಬರುತ್ತಾನೆ, ಸಂಜೆ ಗದ್ದೆ ಕಡೆ ಒಂದು ಸುತ್ತು ಹಾಕುತ್ತಾನೆ. ತಂತಿ ಕೈಕೊಟ್ಟರೆ ಅವನು ಮತ್ತೆ ಬೆಂಗಳೂರಿಗೆ, ತೋಟ ನನ್ನ ಮೊಣಕಾಲಿನ ಪಾಲಿಗೆ. ಇಂಥ ಮನೆಗಳು ನಮ್ಮ ಸುತ್ತ ಈಗ ಕಡಿಮೆಯೇನಿಲ್ಲ.

ಉಕ್ಕಡಗಾತ್ರಿ ಹರಿಹರ ತಾಲೂಕಿನ ಅಂಚಿನ ಊರು, ತುಂಗಭದ್ರೆಯ ದಂಡೆ. ಅಮಾವಾಸ್ಯೆ ಬಂದರೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಬರುವ ಜನರಿಂದ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಮೊಬೈಲಿನ ಇಂಟರ್‌ನೆಟ್ಟೂ ಹಾಗೇ, ಮಿಸುಕುವುದಿಲ್ಲ. ಹೊಳೆ ತುಂಬಿದರೆ ಪತ್ತೇಪುರದ ಕಡೆಯ ರಸ್ತೆ ಮುಳುಗುತ್ತದೆ. ಇದನ್ನೆಲ್ಲ ನೋಡಿಯೇ ಮನೆಗೆ ಫೈಬರ್ ಎಳೆಸಿದೆವು. ಕಂಪನಿಯ ಹೆಸರು ಬೇಡ. ವಿಚಾರಿಸಿದರೆ ಎಲ್ಲರ ಮನೆ ದೋಸೆಯೂ ತೂತೇ.

ಫೈಬರ್ ಅಂದರೆ ಕೂದಲೆಳೆಯಂಥ ಗಾಜಿನ ದಾರ. ಅದರಲ್ಲಿ ಹರಿಯುವುದು ಕರೆಂಟಲ್ಲ, ಬೆಳಕು. ನಮ್ಮ ಭದ್ರಾ ನಾಲೆಯನ್ನು ನೆನೆಸಿಕೊಂಡರೆ ಬೇಗ ಅರ್ಥವಾಗುತ್ತದೆ. ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಎಂಟು ಮನೆಗೋ ಹದಿನಾರು ಮನೆಗೋ ಪಾಲಾಗುತ್ತದೆ. ಎಂಟು ಪಾಲಾದರೆ ಒಬ್ಬೊಬ್ಬರಿಗೆ ಎಂಟರಲ್ಲಿ ಒಂದಕ್ಕಿಂತ ತುಸು ಕಡಿಮೆಯೇ ಬೆಳಕು. ದಾರಿಯಲ್ಲಿನ ಒಂದೊಂದು ಜೋಡಣೆಯೂ ಒಂದಿಷ್ಟು ತಿನ್ನುತ್ತದೆ. ನೀರಿನಲ್ಲಿ ನಾವು ಕೊನೇ ಭಾಗದ ರೈತರು, ಬೆಳಕಿನಲ್ಲೂ ಅದೇ ಆಯಿತು.

ಈ ಬೆಳಕಿಗೊಂದು ಅಳತೆ ಇದೆ, ಡಿಬಿಎಂ ಎನ್ನುತ್ತಾರೆ. ಮನೆಗೆ ಬರುವಾಗ ಅದು ಮೈನಸ್ ಲೆಕ್ಕದಲ್ಲಿರುತ್ತದೆ. ಮೈನಸ್ 20 ಒಳ್ಳೆಯದು, 25ರವರೆಗೂ ನಡೆಯುತ್ತದೆ, 27 ದಾಟಿದರೆ ಮನೆಯ ಪೆಟ್ಟಿಗೆ ತಡವರಿಸತೊಡಗುತ್ತದೆ. 3 ಇಳಿಯಿತೆಂದರೆ ಬೆಳಕು ಅರ್ಧ ಆಯಿತು ಅಂತ ಲೆಕ್ಕ. ಈ ಒಂದು ಅಂಕಿ ಗೊತ್ತಿದ್ದವರ ಜೊತೆ ಮಾತಾಡುವುದಕ್ಕೂ ಗೊತ್ತಿಲ್ಲದವರ ಜೊತೆ ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ನಾವು 19 ದಿನ ಅನುಭವಿಸಿದೆವು.

ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಇಂಟರ್‌ನೆಟ್ ಪೂರ್ತಿ ಸಾಯುತ್ತಿರಲಿಲ್ಲ. ಬರುವುದು, ಹೋಗುವುದು. ಫೋನ್ ಮಾಡಿದರೆ ಅತ್ತ ಕಡೆಯ ಹುಡುಗಿ ಮೊದಲು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ ಒಂದೇ ಮಾತು: "ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಸರ್." ಅವಳದೇನೂ ತಪ್ಪಿಲ್ಲ. ಎದುರಿಗಿಟ್ಟ ಹಾಳೆಯಲ್ಲಿ ಇದ್ದದ್ದನ್ನು ಓದುತ್ತಾಳೆ. ಮೂರನೇ ದಿನ "ನಿಮ್ಮ ದೂರು ಸರಿಪಡಿಸಲಾಗಿದೆ" ಎಂದು ಮೆಸೇಜ್ ಬಂತು. ಮನೆ ಹತ್ತಿರ ಒಂದು ನರಪಿಳ್ಳೆಯೂ ಬಂದಿರಲಿಲ್ಲ! ಮತ್ತೆ ದೂರು. ಗುತ್ತಿಗೆದಾರರ ಕಡೆಯ ಹುಡುಗ ಬಂದು ಪೆಟ್ಟಿಗೆ ಬದಲಾಯಿಸಿ ಹೋದ. ಮರುದಿನ ಅದೇ ರಾಗ. ಮುಂದಿನ ಸಲ "ನಿಮ್ಮೂರ ಕರೆಂಟಿನ ತೊಂದ್ರೆ ಇರ್ಬೇಕು" ಅಂದರು. ನಮ್ಮ ಪೆಟ್ಟಿಗೆ ಇರುವುದು ಬ್ಯಾಟರಿ ಮೇಲೆ.

ಆಗ ಮಗ ಒಂದು ನೋಟ್‌ಬುಕ್ ಇಟ್ಟ. ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು, ಯಾವ ದೀಪ ಹೇಗಿತ್ತು, ಕರೆಂಟ್ ಇತ್ತೋ ಇಲ್ಲವೋ, ಅದೇ ಕಂಬದ ಬೇರೆ ಮನೆಗಳ ಕತೆ ಏನು. ಜೊತೆಗೆ ಪ್ರತಿ ದೂರಿನ ನಂಬರು. ನಾವು ಕೃಷಿ ಅಧಿಕಾರಿಗಳ ಹತ್ತಿರ ಹೋಗುವಾಗ "ಬೆಳೆ ಕೆಟ್ಟೈತಿ" ಅಂತಷ್ಟೇ ಹೇಳುವುದಿಲ್ಲ, ರೋಗ ಬಂದ ಎಲೆ ಕಿತ್ತುಕೊಂಡು ಹೋಗುತ್ತೇವಲ್ಲ, ಹಾಗೆ. ನಾಲ್ಕೇ ದಿನದಲ್ಲಿ ಎರಡು ವಿಷಯ ಗೊತ್ತಾದವು: ಹೋಗುವುದು ಹೆಚ್ಚಾಗಿ ಮಧ್ಯಾಹ್ನ ಗಾಳಿ ಎದ್ದ ಮೇಲೆ, ಮತ್ತು ಪಕ್ಕದ ಮನೆಯವರಿಗೆ ಏನೂ ಆಗಿಲ್ಲ.

ಹನ್ನೆರಡನೇ ದಿನ ಮೇಲ್ಮನವಿ ಹಾಕಿದೆವು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರು ಕೊಟ್ಟ ಕೂಡಲೇ ಕಂಪನಿ ನಂಬರು ಕೊಡಲೇಬೇಕು. ಪರಿಹಾರ ಸರಿ ಅನ್ನಿಸದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಶುಲ್ಕ ಇಲ್ಲ. 39 ದಿನದೊಳಗೆ ತೀರ್ಮಾನ ಆಗಬೇಕು. ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ. ಸಿಟ್ಟಿನ ಮಾತು ಒಂದೂ ಇಲ್ಲದೆ, ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೋ ಸೇರಿಸಿ ಕಳಿಸಿದೆವು. ಕೊನೆಗೆ ಒಂದೇ ಸಾಲು: "ಬೆಳಕಿನ ಮೀಟರ್ ಮತ್ತು ಫೈಬರ್ ಜೋಡಿಸುವ ಯಂತ್ರ ಇರುವವರನ್ನು ಕಳಿಸಿ."

ಹತ್ತೊಂಬತ್ತನೇ ದಿನ ಬಂದವರು ವಯಸ್ಸಾದ ಲೈನ್‌ಮನ್. ಹಿಂದೆ ತಾಮ್ರದ ಟೆಲಿಫೋನ್ ತಂತಿಯಲ್ಲಿ ಕೆಲಸ ಮಾಡಿದವರಂತೆ. ಹೊರಡುವ ಮುಂಚೆಯೇ ಫೋನ್ ಮಾಡಿದರು. "ಯಜಮಾನ್ರೆ, ದೀಪ ಯಾವ ಬಣ್ಣ ಐತಿ? ಕೆಂಪಗೆ ನಿಂತೈತೋ, ಮಿಣಮಿಣ ಅಂತೈತೋ?" ಎರಡನೇ ಪ್ರಶ್ನೆ: "ಅದೇ ಡಬ್ಬಿಯಿಂದ ಇನ್ನೆಷ್ಟು ಮನಿಗೆ ಹೋಗೈತಿ?" ಅಷ್ಟು ದಿನದಲ್ಲಿ ಈ ಎರಡು ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ.

ಮನೆಯಲ್ಲಿ ಮೀಟರ್ ಹಿಡಿದರು: ಮೈನಸ್ 29.6. ಕಂಬದ ಡಬ್ಬಿಯಲ್ಲಿ ಹಿಡಿದರು: ಮೈನಸ್ 21. ಅಂದರೆ ಡಬ್ಬಿಯಿಂದ ಮನೆಗೆ ಬರುವ ದಾರಿಯಲ್ಲೇ ಏಳರಲ್ಲಿ ಆರು ಪಾಲು ಬೆಳಕು ಸೋರಿಹೋಗುತ್ತಿದೆ. ಎಕ್ಸ್‌ಚೇಂಜ್, ಪೆಟ್ಟಿಗೆ, ಕರೆಂಟು, ಯಾವುದರದ್ದೂ ತಪ್ಪಲ್ಲ. ತಂತಿಯ ಉದ್ದಕ್ಕೂ ಮೇಲೆ ನೋಡುತ್ತಾ ನಡೆದರು. ರಸ್ತೆ ದಾಟುವ ಜಾಗದಲ್ಲಿ ಹುಲ್ಲಿನ ಲೋಡಿನ ಟ್ರ್ಯಾಕ್ಟರ್ ಕೇಬಲನ್ನು ಜಗ್ಗಿಕೊಂಡು ಹೋಗಿತ್ತು. ಕಂಬಕ್ಕೆ ಬಿಗಿದ ಕಟ್ಟು ತಂತಿ ಕೇಬಲಿಗೆ ಕಚ್ಚಿ, ಅದು ಮೊಣಕೈಯಂತೆ ಮಡಚಿಕೊಂಡಿತ್ತು. ಗಾಳಿ ಬಂದಾಗ ಮಡಿಕೆ ಇನ್ನಷ್ಟು ಬಿಗಿಯುತ್ತಿತ್ತು. ಗಾಜಿನ ಎಳೆ ತುಂಡಾಗಬೇಕಂತಿಲ್ಲ, ಬಾಗಿದರೂ ಬೆಳಕು ಮೂಲೆಯಲ್ಲಿ ಹೊರಗೆ ಹಾರುತ್ತದೆ. ಆ ಭಾಗ ಕತ್ತರಿಸಿ ಜೋಡಿಸಿದರು, ಎತ್ತರಕ್ಕೆ ಕಟ್ಟಿದರು. ಮೈನಸ್ 21.5. ಇಪ್ಪತ್ತು ನಿಮಿಷದ ಕೆಲಸ.

ನಾಲೆಗೆ ಸೌಡಿ ಹೇಗೋ ಫೈಬರಿಗೆ ಇಂಥವರು ಹಾಗೆ. ಯಾವ ತೂಬಿನಲ್ಲಿ ನೀರು ಸೋರುತ್ತದೆ ಎಂದು ಕಾಲ್ ಸೆಂಟರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ನನ್ನ ಅಭಿಪ್ರಾಯ, ಫೈಬರ್ ಹಾಕಿಸುವ ಮುಂಚೆ ಕೇಳಬೇಕಾದ್ದು ವೇಗ ಎಷ್ಟು, ತಿಂಗಳಿಗೆ ಎಷ್ಟು ಎಂದಷ್ಟೇ ಅಲ್ಲ. ಎಳೆ ಜೋಡಿಸುವ ಯಂತ್ರ ಇರುವುದು ಹರಿಹರದಲ್ಲೋ, ಮಲೇಬೆನ್ನೂರಲ್ಲೋ, ದಾವಣಗೆರೆಯಲ್ಲೋ? ಅದನ್ನು ಬಲ್ಲವರು ಎಷ್ಟು ಮಂದಿ? ಹಾಕಿದ ದಿನವೇ ಮನೆಯ ಡಿಬಿಎಂ ಅಂಕಿಯನ್ನು ಬರೆಸಿಕೊಳ್ಳಿ, ಪೆಟ್ಟಿಗೆಯ ಮೇಲೇ ಚೀಟಿ ಅಂಟಿಸಿ. ಮುಂದೆ ಕೆಟ್ಟಾಗ ಹೋಲಿಸಲು ಅದೊಂದೇ ಆಧಾರ. ಹಲವು ಪೆಟ್ಟಿಗೆಗಳ ಒಳಪುಟದಲ್ಲೂ ಈ ಅಂಕಿ ಕಾಣುತ್ತದೆ, ಮನೆಯ ಹುಡುಗರಿಗೆ ತೋರಿಸಲು ಹೇಳಿ.

ದುಡ್ಡಿನ ಮಾತೂ ಇದೆ. ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮದಲ್ಲಿ, ತಂತಿಯ ಸಂಪರ್ಕದ ದೋಷ ಮೂರು ದಿನ ದಾಟಿದರೆ ಗ್ರಾಹಕರಿಗೆ ಬಾಡಿಗೆಯಲ್ಲಿ ಪರಿಹಾರ ಕೊಡಬೇಕೆಂದಿದೆ. ನಮಗೆ ತಾನಾಗಿ ಬರಲಿಲ್ಲ. ದೂರಿನ ನಂಬರುಗಳನ್ನು ಬರೆದು ಕೇಳಿದ ಮೇಲೆ ಮುಂದಿನ ಬಿಲ್ಲಿನಲ್ಲಿ ಕಳೆದರು. ಕೊಡದಿದ್ದವರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ದೂರಸಂಪರ್ಕದ ತಕರಾರನ್ನು ಗ್ರಾಹಕ ಆಯೋಗವೂ ವಿಚಾರಿಸಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಲೈನ್‌ಮನ್ ಹೋಗುವಾಗ ಹೇಳಿದ ಎರಡು ಮಾತು. ಉಳಿದ ಕೇಬಲನ್ನು ಊಟದ ತಟ್ಟೆ ಅಗಲಕ್ಕೆ ಸುತ್ತಿ ತೂಗುಹಾಕಬೇಕು, ಬಳೆ ಅಗಲಕ್ಕೆ ಅಲ್ಲ. ಬಿಚ್ಚಿದ ಎಳೆಯ ತುದಿಯೊಳಗೆ ಮಕ್ಕಳು ಇಣುಕದಂತೆ ನೋಡಿಕೊಳ್ಳಬೇಕು. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ.